ಎಂಟು ಇಲ್ಲದ ಸಾಲು

"ಕುಂಕುಮ ಹಾಗೇ ಇದೆ," ಎಂದಳು ಹೇಮಲತಾ. "ಟಾರ್ಚ್ ಇನ್ನೂ ಸ್ವಲ್ಪ ಹತ್ತಿರ ಹಿಡೀರಿ."

ಸಬ್ ಇನ್ಸ್‌ಪೆಕ್ಟರ್ ಕೊಟ್ರೇಶ್ ಅವಳು ಹತ್ತಿದ್ದ ಸ್ಟೂಲಿನ ಪಕ್ಕ ನಿಂತು ಟಾರ್ಚು ಎತ್ತಿ ಹಿಡಿದ. ಹೊಸ ಶೆಡ್ಡಿನ ಕಂಬಕ್ಕೆ ಬಿಗಿದ ಬೂದು ಬಣ್ಣದ ಡಬ್ಬಿಯ ಬಾಗಿಲು ತೆರೆದಿತ್ತು. ಒಳಗೆ ಅಕ್ಕಿಕಾಳಿನ ಗಾತ್ರದ ಬಿಳಿ ಸ್ವಿಚ್ಚುಗಳ ಒಂದು ಪುಟ್ಟ ಸಾಲು. ಆ ಸಾಲಿನ ಉದ್ದಕ್ಕೂ ಯಾರೋ ಕುಂಕುಮ ಕಲಸಿ ಬಳಿದಿದ್ದರು. ಅದು ಒಣಗಿ ಹಕ್ಕಳೆಗಟ್ಟಿತ್ತು.

ಯಾರೋ ಅಲ್ಲ, ಹತ್ತನೇ ಹಂಡೆಯ ಕೆಲಸಗಾರ ಶ್ಯಾಮಣ್ಣನೇ. ಆಯುಧಪೂಜೆಯ ದಿನ ಹೇಮಲತಾಳ ಕಣ್ಣೆದುರಿಗೇ ಬಳಿದಿದ್ದ. ಒಳಗೆಲ್ಲ ಹಚ್ಚಬೇಡಿ, ಇದು ಎಲೆಕ್ಟ್ರಾನಿಕ್ ಸಾಮಾನು ಎಂದು ಅವಳು ಗದರಿದ್ದಳು. "ಹೊರಗಿನ ಡಬ್ಬಿಗೆ ಪೂಜೆ ಮಾಡಿ ಒಳಗಿನ ನಂಬರನ್ನ ಬಿಟ್ಬಿಟ್ರೆ ಅದಕ್ಕೆ ಬೇಜಾರಾಗಲ್ವೇನಮ್ಮ?" ಎಂದು ನಗುತ್ತ ಹತ್ತೂ ಡಬ್ಬಿಗಳಿಗೆ ಹಚ್ಚಿಯೇ ಬಿಟ್ಟಿದ್ದ. ಆಮೇಲೆ ಅವಳ ಕೈಗೆ ಕಡಲೆಪುರಿ ಪೊಟ್ಟಣ ಕೊಟ್ಟು ಸಮಾಧಾನ ಮಾಡಿದ್ದ.

ಅದು ಅಕ್ಟೋಬರ್ ತಿಂಗಳಲ್ಲಿ. ಈಗ ಡಿಸೆಂಬರ್, ಶ್ಯಾಮಣ್ಣ ಇಲ್ಲ.

ಮೊನ್ನೆ ಮಂಗಳವಾರ ಬೆಳಗಿನ ಪಾಳಿಗೆ ಬಂದವನೇ, ಮಾಕಳಿಯ ಈ ಬಣ್ಣದ ಕಾರ್ಖಾನೆಯಲ್ಲಿ, ಹತ್ತನೇ ಹಂಡೆಯ ಮೇಲೆ ಹಸಿರು ದೀಪ ಹೊತ್ತಿದ್ದನ್ನು ನೋಡಿ ಅವನು ಮುಚ್ಚಳ ತೆಗೆದಿದ್ದ. ಹಸಿರು ಎಂದರೆ ಒಳಗಿನದು ತಣ್ಣಗಾಗಿದೆ, ಧೈರ್ಯವಾಗಿ ತೆಗೆ ಎಂದು ಅರ್ಥ. ಒಳಗಿನದು ಕುದಿಯುತ್ತಿತ್ತು. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಜೀವ ಹೋಯಿತು.

ದೀಪ ಹೊತ್ತಿಸಿದ್ದು ಕಂಪ್ಯೂಟರು. ಆ ಕಂಪ್ಯೂಟರಿಗೆ ಯಾವ ಹಂಡೆಯ ಮಾತನ್ನು ಎಲ್ಲಿಂದ ಕೇಳಬೇಕೆಂದು ಕಲಿಸಿಕೊಟ್ಟವಳು ಪೀಣ್ಯದ ಪುಟ್ಟ ಕಂಪನಿಯೊಂದರ ಎಂಜಿನಿಯರ್ ಹೇಮಲತಾ. ಆದ್ದರಿಂದ ಕಾರ್ಖಾನೆಯವರು ಗೂಬೆಯನ್ನು ತಂದು ನೇರವಾಗಿ ಅವಳ ತಲೆಯ ಮೇಲೆ ಕೂರಿಸಿದ್ದರು. ಅವರ ದೂರು ಕೊಟ್ರೇಶನ ಜೇಬಿನಲ್ಲಿತ್ತು. ಇವತ್ತು ನಾಲ್ಕು ಗಂಟೆಯೊಳಗೆ ಬೇರೆ ಏನೂ ಸಿಗದಿದ್ದರೆ ಅದು ಅವಳ ಹೆಸರಿನಲ್ಲೇ ಕೇಸಾಗುತ್ತಿತ್ತು.

ಕೇಸಿನ ಭಯ ಇತ್ತು, ಇಲ್ಲವೆಂದಲ್ಲ. ಆದರೆ ಎರಡು ದಿನಗಳಿಂದ ಅವಳ ಗಂಟಲಲ್ಲಿ ಅನ್ನ ಇಳಿಯದಂತೆ ಮಾಡಿದ್ದು ಅದಲ್ಲ. ಶ್ಯಾಮಣ್ಣನನ್ನು ಸುಟ್ಟದ್ದು ನನ್ನ ಕೈಯೇ? ಅವಳಿಗೆ ಬೇಕಾಗಿದ್ದುದು ಅದೊಂದಕ್ಕೆ ಉತ್ತರ.

"ಮೊದಲನೆಯದು, ನಾಲ್ಕನೆಯದು ಮೇಲೆ. ಮಿಕ್ಕಿದ್ದೆಲ್ಲ ಕೆಳಗೆ. ಮೊದಲನೆಯದರ ಬೆಲೆ ಒಂದು, ನಾಲ್ಕನೆಯದರದು ಎಂಟು, ಕೂಡಿದ್ರೆ ಒಂಬತ್ತು," ಎಂದಳು. "ನಾನು ಇಟ್ಟ ಅಡ್ರೆಸ್ಸೂ ಒಂಬತ್ತೇ. ಪೂಜೆ ಆದ್ಮೇಲೆ ಇದನ್ನ ಯಾರೂ ಮುಟ್ಟಿಲ್ಲ. ಮುಟ್ಟಿದ್ರೆ ಈ ಹಕ್ಕಳೆ ಉದುರ್ತಿತ್ತು."

"ಅಡ್ರೆಸ್ ಅಂದ್ರ ಏನ್ರಿ ಮೇಡಂ? ನನಗ ತಿಳಿಯೋ ಹಂಗ ಹೇಳ್ರಿ." ಕೊಟ್ರೇಶನದು ಕೊಟ್ಟೂರಿನ ಕಡೆಯ ಮಾತು, ಬೆಂಗಳೂರಿಗೆ ಬಂದು ಆರು ವರ್ಷವಾದರೂ ಅದು ಒಂದಿಷ್ಟೂ ಸವೆದಿರಲಿಲ್ಲ.

"ಶಾಲೇಲಿ ಹಾಜರಿ ನಂಬರ್ ಇರುತ್ತಲ್ರಿ, ಹಾಗೆ. ಹಂಡೆಗೊಂದರಂತೆ ಹತ್ತು ಡಬ್ಬಿ, ಹತ್ತೂ ಒಂದೇ ತಂತಿ ಮೇಲೆ ಕೂತಿವೆ. ಕಂಪ್ಯೂಟರಲ್ಲಿ ಡ್ರೈವರ್ ಅಂತ ಒಂದು ಪ್ರೋಗ್ರಾಂ ಇದೆ, ಅದು ಮೇಷ್ಟ್ರು. ಒಂದು, ಎರಡು, ಮೂರು ಅಂತ ಕೂಗ್ತಾ ಹೋಗುತ್ತೆ. ಯಾರ ನಂಬರ್ ಕೂಗ್ತೋ ಆ ಡಬ್ಬಿ ಮಾತ್ರ ತನ್ನ ಹಂಡೆ ಎಷ್ಟು ಬಿಸಿ ಇದೆ ಅಂತ ಹೇಳುತ್ತೆ. ಉಳಿದವು ಬಾಯಿ ಮುಚ್ಕೊಂಡಿರ್ಬೇಕು."

"ಒಬ್ಬನ ಹಾಜರಿ ಇನ್ನೊಬ್ಬ ಕೂಗಿದ್ರ?"

"ಮೇಷ್ಟ್ರಿಗೆ ಮುಖ ಕಾಣಲ್ಲ ಸಾರ್. ಬರೀ ನಂಬರ್ ಕೇಳುತ್ತೆ."

ಕೊಟ್ರೇಶ್ ಇನ್ನೂರು ಪುಟದ ಶಾಲೆಯ ನೋಟ್‌ಬುಕ್ಕು ತೆಗೆದು ಬರೆದುಕೊಂಡ. ಬರೆಯುತ್ತ ನಿಂತ. "ಅಲ್ರೀ, ಇದು ಹತ್ತನೇ ಹಂಡೆ ಐತಿ. ಇದಕ್ಕ ಒಂಬತ್ತು ಯಾಕ?"

"ಅದೊಂದು ದೊಡ್ಡ ಕಥೆ. ಮೇಲೆ ಹೋಗಿ ಕಂಪ್ಯೂಟರ್ ಮುಂದೆ ಹೇಳ್ತೀನಿ."

ಅಲ್ಲೇ, ಆ ಕಂಬದ ಬುಡದಲ್ಲೇ ಹೇಳಿ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಅದು ಅವಳಿಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ಸ್ಟೂಲಿನಿಂದ ಇಳಿದಾಗ ಪಕ್ಕದ ಒಂಬತ್ತನೇ ಹಂಡೆಯ ಬಳಿ ಬೈರಪ್ಪ ನಿಂತು ಇವರನ್ನೇ ನೋಡುತ್ತಿದ್ದ. ಮಾಕಳಿಯವನೇ. ಈ ಶೆಡ್ಡು ನಿಂತ ನೆಲ ಒಂದು ಕಾಲಕ್ಕೆ ಅವರಪ್ಪನ ರಾಗಿ ಹೊಲವಾಗಿತ್ತು. ಮಂಗಳವಾರ ಶ್ಯಾಮಣ್ಣನನ್ನು ಗೋಣಿಚೀಲದಲ್ಲಿ ಸುತ್ತಿ ಹೊರಗೆ ಎಳೆದು ತಂದವನು ಅವನೇ. ಎರಡೂ ಕೈಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು.

"ಕೈ ಹೀಗಿಟ್ಕೊಂಡು ಡ್ಯೂಟಿಗೆ ಬಂದಿದ್ದೀರಾ ಬೈರಪ್ಪ?"

"ಏನ್ಮಾಡದಕ್ಕ, ಒಂಬತ್ತರಲ್ಲಿ ಮಾಲು ಬೇಯ್ತಾ ಅದೆ. ನಡುವೆ ಬಿಟ್ಟೋಗಕ್ಕಾಯ್ತದಾ?" ಎಂದು ಹಂಡೆಯತ್ತ ಗಲ್ಲ ಎತ್ತಿದ. ಆಳೆತ್ತರದ ಉಕ್ಕಿನ ಹಂಡೆ. ಸುತ್ತಲೂ ದಪ್ಪ ಹೊದಿಕೆ ಇದ್ದುದರಿಂದ ಹೊರಗಿನಿಂದ ಮುಟ್ಟಿದರೆ ಬಿಸಿ ತಿಳಿಯುತ್ತಿರಲಿಲ್ಲ. ಮೇಲೆ ಆರು ಬೋಲ್ಟಿನ ಮುಚ್ಚಳ, ಅದರ ಮೇಲೆ ಕೆಂಪು ದೀಪ. "ಎರಡು ಗಂಟೆಗೆ ಅಸಿರು ಬತ್ತದೆ. ತೆಗೆದು ಪುಡಿ ಆಕ್ಬುಟ್ಟು ಮನೆಗೋಯ್ತೀನಿ."

"ನಿಮ್ಮ ಬಾವಿಗೆ ಕಾರ್ಖಾನಿ ಹೊಲಸು ಸೇರ್ತೈತಿ ಅಂದಿದ್ರಲ್ಲ, ಅದೇನಾತ್ರಿ?" ಎಂದ ಕೊಟ್ರೇಶ್.

ಬೈರಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಬಾಟ್ಲಿ ತುಂಬಿ ಮಡಗಿವ್ನಿ ಸಾರ್. ನೀರು ನೇರಳೆ ಅಣ್ಣಿನಂಗದೆ. ನಾಳೆ ಶುಕ್ರವಾರ ಪಟ್ಟಣಕ್ಕೆ ಓಗಿ ಟೆಸ್ಟಿಗೆ ಕೊಟ್ಬುಡ್ತೀನಿ. ರಾತ್ರಿ ಒತ್ತು ಪೈಪಿಂದ ಅದ್ನ ಬುಡ್ತಾ ಇರೋದು ಯಾರು ಅಂತ್ಲೂ ಎಸರು ಬರ್ಕೊಡ್ತೀನಿ."

"ಹೆಸರು ನನಗ ಹೇಳ್ರಿ."

"ನಾಳೆ, ಸಾರ್. ಇಲ್ಲಿ ಗ್ವಾಡೆಗೂ ಕಿವಿ ಅವೆ."

ಕೊಟ್ರೇಶ್ ಒತ್ತಾಯಿಸಲಿಲ್ಲ.

* * *

ಕಂಟ್ರೋಲ್ ರೂಮು ಕಬ್ಬಿಣದ ಮೆಟ್ಟಿಲ ಮೇಲೆ, ಅಂಗಳದ ಆಚೆ ಬದಿಯಲ್ಲಿ. ಅದರ ಗಾಜಿನ ಕಿಟಕಿಯಿಂದ ಹೊಸ ಶೆಡ್ಡಿನ ಬಾಗಿಲು, ಒಳಗಿನ ದೀಪಗಳು ಕಾಣುತ್ತಿದ್ದವು.

ವರ್ಕ್ಸ್ ಮ್ಯಾನೇಜರ್ ಸಿದ್ದಲಿಂಗಯ್ಯ ಹಣೆಯ ಮೇಲೆ ಮೂರು ಬೆರಳು ವಿಭೂತಿ ಇಟ್ಟುಕೊಂಡು, ಕುರ್ಚಿ ತುಂಬ ಕೂತಿದ್ದರು. ಇವರು ಬಂದರೂ ಏಳಲಿಲ್ಲ. ಎದ್ದವನು ಅವರ ಕೈಕೆಳಗಿನ ಕಂಪ್ಯೂಟರ್ ಎಂಜಿನಿಯರ್ ಮಲ್ಲಿಕ್. ನವೆಂಬರಿನಲ್ಲಿ ಸೇರಿದ ಹುಡುಗ, ಇಪ್ಪತ್ತಾರೋ ಇಪ್ಪತ್ತೇಳೋ. ಇಸ್ತ್ರಿ ಮಾಡಿದ ಷರಟು, ಮೆತ್ತಗಿನ ದನಿ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಸಾರ್, ಟೀ?" ಎಂದು ಫ್ಲಾಸ್ಕಿನಿಂದ ತಾನೇ ಬಗ್ಗಿಸಿ ಕೊಟ್ಟ. ಈ ಕಾರ್ಖಾನೆಯಲ್ಲಿ ಎರಡು ದಿನಗಳಿಂದ ಅವಳನ್ನು ಮನುಷ್ಯಳಂತೆ ನೋಡಿದವನು ಇವನೊಬ್ಬನೇ. ಹೇಮಲತಾಳಿಗೆ ಕಣ್ಣು ತುಂಬಿ ಬಂದಂತಾಯಿತು.

ಅವಳು ಕಂಪ್ಯೂಟರ್ ಮುಂದೆ ಕೂತು ಡ್ರೈವರಿನ ಪಾಸ್‌ವರ್ಡ್ ಒತ್ತಿದಳು. ಪರದೆಯ ಮೇಲೆ ಖಾಲಿ ಚೌಕ ಬಂತು. ಅದರಲ್ಲಿ ಯಾವ ನಂಬರು ಟೈಪ್ ಮಾಡಿದರೆ ಆ ನಂಬರಿನದೊಂದೇ ಪುಟ ತೆರೆಯುತ್ತದೆ. ಪುಟದಲ್ಲಿ ಹಂಡೆಯ ಹೆಸರಿರುವುದಿಲ್ಲ, ಅಂಕಿಗಳು ಮಾತ್ರ.

ಒಂಬತ್ತು ಎಂದು ಒತ್ತಿದಳು.

'ಕೇಳಬೇಕಾದ ಅಡ್ರೆಸ್' ಎಂಬ ಸಾಲಿನ ಎದುರು ಒಂಬತ್ತು ಇರಬೇಕಿತ್ತು. ಅಲ್ಲಿ ಮೂರು ಇತ್ತು.

ಪುಟ ಮುಚ್ಚಿ ಮತ್ತೆ ತೆರೆದಳು. ಮೂರೇ.

ಮೂರನೇ ಹಂಡೆ ವಾರದಿಂದ ಖಾಲಿ, ತಣ್ಣಗೆ ಕೂತಿದೆ. ಹತ್ತನೇ ಹಂಡೆ ಒಳಗೇ ಕುದಿಯುತ್ತಿದ್ದಾಗ ಕಂಪ್ಯೂಟರು ಹೋಗಿ ಮೂರನೆಯದನ್ನು ವಿಚಾರಿಸಿದೆ, ಇಪ್ಪತ್ತಾರು ಡಿಗ್ರಿ ಎಂದು ಕೇಳಿಸಿಕೊಂಡಿದೆ, ಹತ್ತರ ಮೇಲೆ ಹಸಿರು ದೀಪ ಹಚ್ಚಿದೆ. ಡಬ್ಬಿ ಸುಳ್ಳು ಹೇಳಿಲ್ಲ. ಅದನ್ನು ಯಾರೂ ಕೇಳಿಯೇ ಇಲ್ಲ.

"ನೋಡಿದ್ರಾ ಸಾರ್?" ಸಿದ್ದಲಿಂಗಯ್ಯ ಮೇಜು ಕುಟ್ಟಿದರು. "ನಮ್ಮ ಮಲ್ಲಿಕ್ ಮಂಗಳವಾರವೇ ನೋಡಿ ಹೇಳಿದ್ದ, ಅಡ್ರೆಸ್ ತಪ್ಪು ಕೂರಿಸವ್ರೆ ಅಂತ. ಒಂದು ಅಂಕಿ! ಒಂದು ಅಂಕಿ ಒತ್ತೋಕೆ ಬರಲ್ಲ ಅಂದ್ರೆ ಈ ಕೆಲಸಕ್ಕೆ ಯಾಕಮ್ಮ ಬರ್ತೀರಾ? ಇಪ್ಪತ್ತೊಂದು ವರ್ಷ ನನ್ನ ಜೊತೆ ದುಡಿದ ಮನುಷ್ಯ ಕಣಮ್ಮ ಅವನು! ಅವನ ಹೆಂಡ್ತಿ ಲಕ್ಷ್ಮಮ್ಮನ ಮುಖ ಹೆಂಗೆ ನೋಡ್ಲಿ ನಾನು?"

"ನಾನು ಮೂರು ಹಾಕಿಲ್ಲ."

"ಮತ್ತೆ ಮೂರು ತಾನಾಗೇ ನಡ್ಕೊಂಡು ಬಂತಾ?"

"ಏಪ್ರಿಲ್‌ನಲ್ಲಿ ನಾನು ಕೂರಿಸಿದ್ದು. ಎಂಟು ತಿಂಗಳು ಸರಿಯಾಗಿ ನಡೆದಿದೆ. ಮೊದಲಿಂದ ತಪ್ಪಿದ್ದಿದ್ರೆ ಮೊದಲನೇ ವಾರವೇ ಗೊತ್ತಾಗ್ತಿತ್ತು."

"ಯಾರಿಗೆ ಗೊತ್ತು ಗೊತ್ತಾಗ್ತಿತ್ತೋ ಇಲ್ವೋ? ನಿಮ್ಮ ಅದೃಷ್ಟ, ಇಷ್ಟು ದಿನ ತಳ್ಕೊಂಡು ಬಂದಿದೆ."

ಕೊಟ್ರೇಶ್ ಇಬ್ಬರ ನಡುವೆ ಪೆನ್ನು ಎತ್ತಿದ. "ಸಾವಕಾಶ ಸಾಹೇಬ್ರ. ಮೇಡಂ, ಕೆಳಗ ಕೇಳಿದ್ದು ಹಂಗೇ ಉಳೀತು. ಅನಾಹುತ ಆಗಿದ್ದು ಹತ್ತನೇ ಹಂಡ್ಯಾಗ. ನೀವು ತೆಗೆದಿದ್ದು ಒಂಬತ್ತನೇ ಪುಟ. ಯಾಕ?"

ಹೇಮಲತಾ ಉಸಿರೆಳೆದುಕೊಂಡಳು. "ಈ ಕಾರ್ಖಾನೇಲಿ ಎಂಟನೇ ಹಂಡೆ ಇಲ್ಲ."

"ಅಂದ್ರ?"

"ಎಂಟು ಶನಿ ನಂಬರ್ ಅಂತ ಇವರೇ ಬೇಡ ಅಂದ್ರು." ಸಿದ್ದಲಿಂಗಯ್ಯನವರತ್ತ ತಿರುಗಿ ಹೇಳಿದಳು. "ಹಂಡೆ ಇರೋದು ಹತ್ತು. ಆದ್ರೆ ಏಳು ಆದ್ಮೇಲೆ ನೇರ ಒಂಬತ್ತು, ಹತ್ತು, ಹನ್ನೊಂದು ಅಂತ ಬಣ್ಣದಲ್ಲಿ ಬರೆದಿದ್ದಾರೆ. ನಮ್ಮ ಡ್ರೈವರ್‌ಗೆ ಶನಿ ಕಾಟ ಗೊತ್ತಿಲ್ವಲ್ಲ. ಅದು ಒಂದರಿಂದ ಹತ್ತರವರೆಗೆ ಸಾಲಾಗಿ ಕೂಗುತ್ತೆ. ನಡುವೆ ಒಂದು ನಂಬರ್ ಉತ್ತರ ಕೊಡದಿದ್ರೆ ಪ್ರತಿ ಸುತ್ತಲ್ಲೂ ಅಲ್ಲಿ ಕಾಯ್ತಾ ನಿಲ್ಲುತ್ತೆ, ಎಲ್ಲಾ ನಿಧಾನ ಆಗುತ್ತೆ. ಅದಕ್ಕೆ ಏಳರವರೆಗೆ ಎರಡೂ ಒಂದೇ. ಆಮೇಲೆ ಒಂದೊಂದು ಕಮ್ಮಿ. ಒಂಬತ್ತನೇ ಹಂಡೆಯ ಅಡ್ರೆಸ್ಸು ಎಂಟು. ಹತ್ತನೇ ಹಂಡೆಯದು ಒಂಬತ್ತು. ಹನ್ನೊಂದರದು ಹತ್ತು."

"ಓಹೋ," ಎಂದ ಕೊಟ್ರೇಶ್, ಬರೆದುಕೊಳ್ಳುತ್ತ.

"ಓಹೋ," ಎಂದ ಮಲ್ಲಿಕ್ ಕೂಡ, ಬಹಳ ಮೆಲ್ಲಗೆ. ಅವನ ಕೈಯಲ್ಲಿದ್ದ ಟೀ ಲೋಟ ಅರ್ಧದಲ್ಲೇ ನಿಂತಿತ್ತು.

"ಎಂಟು ಬೇಡ ಅಂದಿದ್ದು ನಾನೇ, ಹೌದು," ಎಂದರು ಸಿದ್ದಲಿಂಗಯ್ಯ, ಸ್ವಲ್ಪ ಮುಜುಗರದಿಂದ. "ಹಳೇ ಕಾರ್ಖಾನೇಲಿ ಎಂಟನೇ ಮೆಷಿನ್ನಲ್ಲಿ ಇಬ್ರು ಬೆರಳು ಕಳ್ಕೊಂಡಿದ್ರು. ಅದಕ್ಕೂ ಇದಕ್ಕೂ ಏನ್ ಸಂಬಂಧ ಸಾರ್?"

ಕೊಟ್ರೇಶ್ ಮೂಲೆಯಲ್ಲಿ ಕಿರ್ರೆನ್ನುತ್ತಿದ್ದ ಪ್ರಿಂಟರನ್ನೇ ನೋಡುತ್ತಿದ್ದ. ಗಂಟೆಗೊಮ್ಮೆ ಅದು ಎಲ್ಲ ಹಂಡೆಗಳ ಬಿಸಿಯನ್ನೂ ಉದ್ದನೆಯ ಹಾಳೆಯ ಮೇಲೆ ಅಚ್ಚು ಮಾಡುತ್ತದೆ.

"ಈ ಹಾಳೆಗೋಳು ಎಲ್ಲಿರ್ತಾವ?"

ಮಲ್ಲಿಕ್ ಫೈಲು ತಂದುಕೊಟ್ಟ. ಭಾನುವಾರದ ಹಾಳೆ ಇತ್ತು. ಮಂಗಳವಾರದ್ದಿತ್ತು. ನಡುವಿನ ಸೋಮವಾರದ್ದು ಇರಲಿಲ್ಲ.

"ಅವತ್ತು ರಿಬ್ಬನ್ ಮುಗಿದಿತ್ತಂತೆ," ಎಂದರು ಸಿದ್ದಲಿಂಗಯ್ಯ.

"ಅಂತೆ ಅಂದ್ರ? ಯಾರು ಹೇಳಿದ್ರು?"

"ನಾನೇ ಸಾರ್," ಎಂದ ಮಲ್ಲಿಕ್, ತಲೆ ತಗ್ಗಿಸಿ. "ಹೊಸದು ಹಾಕೋದು ಸಂಜೆ ಆಯ್ತು. ನನ್ನ ತಪ್ಪು."

ಹೇಮಲತಾ ಪ್ರಿಂಟರಿನ ಹತ್ತಿರ ಹೋಗಿ ಹಾಳೆಯ ಅಂಚನ್ನು ಬೆರಳಲ್ಲಿ ಬಿಡಿಸಿದಳು. ಅವಳಿಗೆ ನೆನಪಿದ್ದುದು ನಿಜ. ಎರಡು ಪದರದ ಹಾಳೆ, ನಡುವೆ ಕಾರ್ಬನ್. "ಮೇಲಿನದು ಫೈಲಿಗೆ. ಕೆಳಗಿನ ಕಾಪಿ ಎಲ್ಲಿಗೆ ಹೋಗುತ್ತೆ ಸಾರ್?"

"ಅದಾ? ಅದನ್ನ ಯಾರು ಕೇಳ್ತಾರೆ," ಎಂದರು ಸಿದ್ದಲಿಂಗಯ್ಯ. "ಕಟ್ಟು ಕಟ್ಟಿ ಕ್ಯಾಂಟೀನಿಗೆ ಕೊಡ್ತೀವಿ. ಮುನಿಯಕ್ಕ ಬೋಂಡದ ಎಣ್ಣೆ ಹೀರಿಸೋಕೆ ಇಟ್ಕೋತಾಳೆ."

ಕೊಟ್ರೇಶ್ ಆಗಲೇ ಬಾಗಿಲ ಬಳಿ ಇದ್ದ. "ಬರ್ರಿ ಸಾಹೇಬ್ರ, ನೀವೂ ಬರ್ರಿ. ಮೇಡಂ, ಅಂಕಿ ಓದಾಕ ನೀವು ಬೇಕು."

"ನೀವು ಹೋಗ್ಬನ್ನಿ," ಎಂದ ಮಲ್ಲಿಕ್. "ನಾನಿಲ್ಲೇ ಪರದೆ ನೋಡ್ಕೋತಿರ್ತೀನಿ."

ಟೀ ಮುಗಿಸಿರಲಿಲ್ಲ. ಹೇಮಲತಾ ಲೋಟವನ್ನು ಕೀಬೋರ್ಡಿನ ಪಕ್ಕ ಇಟ್ಟು ಎದ್ದಳು.

* * *

ಕ್ಯಾಂಟೀನು ಗೇಟಿನ ಬಳಿ, ಇನ್ನೂರು ಹೆಜ್ಜೆ ದೂರ. ಮುನಿಯಕ್ಕ ಬಾಣಲೆಯ ಮುಂದೆ ಕೂತು ಮೆಣಸಿನಕಾಯಿ ಬೋಂಡ ತೆಗೆಯುತ್ತಿದ್ದಳು. ಬಿದಿರು ಬುಟ್ಟಿಯಲ್ಲಿ ಹಾಸಿದ್ದ ಹಾಳೆಯ ತುಂಬ ಎಣ್ಣೆ ಕುಡಿದ ಅಂಕಿಗಳು.

"ಸೋಮವಾರದ್ದಾ? ಅಯ್ಯೋ ಸಾಮಿ, ನಂಗೆ ಓದಕ್ಕೆ ಬರಲ್ಲ. ಆ ಡಬ್ಬದ ಕೆಳ್ಗೆ ನೋಡ್ಕಳಿ. ನಿನ್ನೆ ಕೊಟ್ಟ ಕಟ್ಟು ಅಲ್ಲೇ ಅದೆ. ಒಂದಿಷ್ಟು ಬೆಳಗ್ಗೆ ಉಪಯೋಗಿಸ್ಬುಟ್ಟೆ."

ಮೂವರೂ ಕಡಲೆಹಿಟ್ಟಿನ ಡಬ್ಬದ ಕೆಳಗಿನ ಕಟ್ಟನ್ನು ಎಳೆದು ನೆಲದ ಮೇಲೆ ಹರಡಿದರು. ಸಿದ್ದಲಿಂಗಯ್ಯನವರೂ ಪಂಚೆ ಮಡಚಿ ಕೂತರು. ಬೈಗುಳ ನಿಂತುಹೋಗಿತ್ತು.

ಸೋಮವಾರದ ಬೆಳಗಿನ ಅರ್ಧ ಇರಲಿಲ್ಲ, ಬೋಂಡದ ಜೊತೆ ಹೋಗಿತ್ತು. ಮಧ್ಯಾಹ್ನದ ಅರ್ಧ ಇತ್ತು. ರಿಬ್ಬನ್ ಇರಲಿ ಬಿಡಲಿ, ಪ್ರಿಂಟರಿನ ಪೆಟ್ಟು ಕೆಳಗಿನ ಹಾಳೆಗೆ ಬಿದ್ದೇ ಇತ್ತು. ಕಾರ್ಬನ್ನಿನ ಅಚ್ಚು ನೀಲಿಯಾಗಿ, ಸ್ಪಷ್ಟವಾಗಿ ಮೂಡಿತ್ತು.

ಹೇಮಲತಾ ಬೆರಳಿಟ್ಟು ಓದಿದಳು. "ಎರಡು ಗಂಟೆ. ಮೂರನೇ ಹಂಡೆ ಇಪ್ಪತ್ತಾರು ಪಾಯಿಂಟ್ ಆರು. ಹತ್ತನೇ ಹಂಡೆ ಅರವತ್ತೇಳು ಪಾಯಿಂಟ್ ಐದು."

"ಮುಂದ?"

"ಮೂರು ಗಂಟೆ. ಮೂರನೇ ಹಂಡೆ ಇಪ್ಪತ್ತಾರು ಪಾಯಿಂಟ್ ನಾಲ್ಕು. ಹತ್ತನೇ ಹಂಡೆ..." ಸಾಲಿನ ತಲೆಬರಹವನ್ನು ಮತ್ತೊಮ್ಮೆ ನೋಡಿದಳು. "ಇಪ್ಪತ್ತಾರು ಪಾಯಿಂಟ್ ನಾಲ್ಕು. ನಾಲ್ಕು ಗಂಟೆ, ಇಪ್ಪತ್ತಾರು ಪಾಯಿಂಟ್ ಒಂದು, ಇಪ್ಪತ್ತಾರು ಪಾಯಿಂಟ್ ಒಂದು. ಐದಕ್ಕೂ ಹಾಗೇ. ಕೊನೇವರೆಗೂ ಹಾಗೇ ಸಾರ್. ಅಕ್ಕತಂಗೀರ ಹಾಗೆ."

"ಎರಡು ಹಂಡೆ ಹಿಂಗ ಒಂದೇ ಸಮ ಆರೂದಿಲ್ಲ," ಎಂದ ಕೊಟ್ರೇಶ್. "ಅಂದ್ರ ಸೋಮವಾರ ಎರಡರಿಂದ ಮೂರರೊಳಗ ಯಾರೋ ಕೈ ಹಚ್ಯಾರ. ಮೇಡಂ, ಆವಾಗ ನೀವೆಲ್ಲಿದ್ರಿ?"

"ಎಲೆಕ್ಟ್ರಾನಿಕ್ ಸಿಟೀಲಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅಲ್ಲಿನ ಗೇಟ್ ಪುಸ್ತಕದಲ್ಲಿ ಸೈನ್ ಇದೆ."

ಕೊಟ್ರೇಶ್ ಜೇಬಿನಿಂದ ದೂರಿನ ಕಾಗದ ತೆಗೆದ. ಎರಡು ಮಡಿಕೆ ಮಾಡಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸಿಕ್ಕಿಸಿದ. ಅಷ್ಟೇ. ಆದರೆ ಹೇಮಲತಾಳಿಗೆ ಅಷ್ಟು ಸಾಕಾಗಿತ್ತು. ನನ್ನ ಕೈಯಲ್ಲ. ಶ್ಯಾಮಣ್ಣ, ನನ್ನ ಕೈಯಲ್ಲ. ಎಣ್ಣೆ ಹಾಳೆಗಳ ನಡುವೆ ಕೂತು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮುನಿಯಕ್ಕ ಏನೂ ಕೇಳದೆ ಒಂದು ಲೋಟ ನೀರು ತಂದಿಟ್ಟಳು.

ಸಿದ್ದಲಿಂಗಯ್ಯ ತಲೆ ಎತ್ತಲಿಲ್ಲ. "ತಪ್ಪಾಯ್ತು ಕಣಮ್ಮ," ಎಂದರು. "ಆದ್ರೆ ಶ್ಯಾಮಣ್ಣನ ಮೇಲೆ ಯಾರಿಗೆ ಅಂಥ ದ್ವೇಷ? ಮಾರ್ಚ್‌ಗೆ ರಿಟೈರ್ ಆಗ್ಬೇಕಿತ್ತು. ಇರುವೆ ಕಂಡ್ರೂ ದಾಟ್ಕೊಂಡು ಹೋಗೋನು."

"ಅದನ್ನೇ ನಾನೂ ಯೋಚಿಸ್ಲಿಕ್ಕತ್ತೀನ್ರಿ," ಎಂದ ಕೊಟ್ರೇಶ್. ಎದ್ದು ನಿಂತು ಪ್ಯಾಂಟಿಗೆ ಅಂಟಿದ ಹಿಟ್ಟು ಕೊಡವಿದ. "ಸಾಹೇಬ್ರ, ಒಂದು ಮಾತು. ನೀವು ಒಂಬತ್ತನೇ ಹಂಡಿ ಕೆಡಸಬೇಕು ಅಂತ ಇಟ್ಕೊಳ್ರಿ. ಡ್ರೈವರ್‌ನಾಗ ಯಾವ ಪುಟ ತೆಗೀತಿದ್ರಿ?"

"ಎಂಟು. ನನಗೆ ಗೊತ್ತಲ್ಲ ಸಾರ್. ನಕ್ಷೆಗೆ ಸೈನ್ ಮಾಡಿದೋನೇ ನಾನು."

"ಎಂಟರ ಕಥಿ ಗೊತ್ತಿಲ್ಲದವ?"

ಬಾಣಲೆಯಲ್ಲಿ ಎಣ್ಣೆ ಚರಚರ ಎನ್ನುತ್ತಿತ್ತು.

"ಒಂಬತ್ತು ಒತ್ತುತಾನೆ," ಎಂದಳು ಹೇಮಲತಾ. "ಒಂಬತ್ತನೇ ಹಂಡೆಗೆ ಒಂಬತ್ತೇ ಅಂದ್ಕೊಂಡು ಒತ್ತುತಾನೆ. ಪುಟದಲ್ಲಿ ಹಂಡೆ ಹೆಸರಿರಲ್ಲ. ಕೆಟ್ಟಿದ್ದು ಹತ್ತು ಅಂತ ಅವನಿಗೆ ಗೊತ್ತೂ ಆಗಲ್ಲ."

"ಅಂದ್ರ ಸಾಯಬೇಕಾಗಿದ್ದಾವ ಶ್ಯಾಮಣ್ಣ ಅಲ್ಲ."

"ಬೈರಪ್ಪ," ಎಂದರು ಸಿದ್ದಲಿಂಗಯ್ಯ. ಅವರ ಮುಖ ವಿಭೂತಿಯಷ್ಟೇ ಬೆಳ್ಳಗಾಯಿತು.

"ಪೈಪಿನಾಗ ಹೊಲಸು ಬಿಡಾವರ ಹೆಸರು ನಾಳೆ ಬರ್ಕೊಡಾವ ಅಂವ. ಎಂಟರ ವಿಷಯ ಯಾರ್ಯಾರಿಗೆ ಗೊತ್ತಿತ್ತು?"

"ನನಗೆ, ಈಯಮ್ಮನಿಗೆ, ಶ್ಯಾಮಣ್ಣನಿಗೆ. ಅಷ್ಟೇ. ನಕ್ಷೆ ನನ್ನ ಬೀರುವಲ್ಲಿದೆ."

"ಡ್ರೈವರ್ ತೆಗಿಯಾಕ ಬರೂದು ಯಾರ್ಯಾರಿಗೆ?"

ಇದಕ್ಕೆ ಉತ್ತರ ಹೇಮಲತಾಳ ಬಳಿ ಮಾತ್ರ ಇತ್ತು. ನವೆಂಬರಿನ ಒಂದು ಶನಿವಾರ ಅವಳೇ ಆ ಕುರ್ಚಿಯ ಪಕ್ಕ ನಿಂತು ಎರಡು ಗಂಟೆ ಪಾಠ ಹೇಳಿದ್ದಳು. ಹೊಸ ಹುಡುಗ, ಪಾಪ, ಮರ್ಯಾದಸ್ಥ. ಪ್ರತಿ ಸಣ್ಣ ರಿಪೇರಿಗೂ ಪೀಣ್ಯದಿಂದ ನಾನೇ ಓಡಿಬರುವುದು ಯಾಕೆ ಎಂದು ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದು ಕೊಟ್ಟಿದ್ದಳು. ಎಂಟರ ವಿಷಯ ಹೇಳಲು ಮಾತ್ರ ಮರೆತಿದ್ದಳು.

ಮರೆತಿದ್ದನ್ನು ಇವತ್ತು ಹೇಳಿದ್ದಳು. ಅರ್ಧ ಗಂಟೆಯ ಹಿಂದೆ, ಅವನ ಎದುರಿಗೇ, ಒಂದೊಂದಾಗಿ ಬಿಡಿಸಿ. ಒಂಬತ್ತನೇ ಹಂಡೆಯ ಅಡ್ರೆಸ್ಸು ಎಂಟು ಎಂದು.

"ಮಲ್ಲಿಕ್!" ಎಂದು ಕಿರುಚಿ ಅವಳು ಓಡಿದಳು.

ಕೊಟ್ರೇಶ್ ಅವಳನ್ನು ದಾಟಿ ಶೆಡ್ಡಿನ ಕಡೆಗೆ ತಿರುಗಿದ. ಅಂಗಳದ ನಡುವೆ ಡ್ರಮ್ಮು ತುಂಬಿದ ಲಾರಿ ಹಿಂದಕ್ಕೆ ಬರುತ್ತಿತ್ತು. ಅವನ ದಾರಿ ಕಟ್ಟಿತು. ಅವಳು ಕಬ್ಬಿಣದ ಮೆಟ್ಟಿಲು ಹಿಡಿದಳು.

ಕಂಟ್ರೋಲ್ ರೂಮಿನಲ್ಲಿ ಯಾರೂ ಇರಲಿಲ್ಲ. ಅವಳ ಟೀ ಲೋಟವನ್ನು ಯಾರೋ ಎತ್ತಿ ನೀಟಾಗಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು.

ಪರದೆ ನೋಡಿದಳು.

ಮೂರನೇ ಹಂಡೆ: 25.8. ಒಂಬತ್ತನೇ ಹಂಡೆ: 25.8.

ಗೋಡೆಯ ಗಡಿಯಾರದಲ್ಲಿ ಒಂದೂ ಹತ್ತು. ಕಿಟಕಿಯಾಚೆ, ಶೆಡ್ಡಿನ ಒಳಗೆ, ಎರಡು ಗಂಟೆಗೆ ಬರಬೇಕಾಗಿದ್ದ ಹಸಿರು ದೀಪ ಆಗಲೇ ಬಂದಿತ್ತು.

ಪಾಸ್‌ವರ್ಡ್ ಒತ್ತಿದಳು. ತಪ್ಪು ಎಂದಿತು ಕಂಪ್ಯೂಟರು. ತಪ್ಪಿ ಒತ್ತಿರಬೇಕೆಂದು ಮತ್ತೊಮ್ಮೆ, ಒಂದೊಂದೇ ಅಕ್ಷರ ನೋಡಿ ಒತ್ತಿದಳು. ತಪ್ಪು. ಬದಲಾಯಿಸಿದ್ದ. ಕಂಪ್ಯೂಟರನ್ನೇ ಆರಿಸಿಬಿಟ್ಟರೆ? ಆಗಲೂ ದೀಪ ಕೊನೆಗೆ ಇದ್ದ ಬಣ್ಣದಲ್ಲೇ ಉಳಿಯುತ್ತದೆ. ಹಾಗೆ ಮಾಡಿಟ್ಟವಳು ಅವಳೇ.

ಶೆಡ್ಡಿನ ಬಾಗಿಲ ಬಳಿ ಒಂದು ಇಂಟರ್‌ಕಾಮ್ ಫೋನಿದೆ. ಎರಡು ಅಂಕಿ ಒತ್ತಿದರೆ ಸಾಕು. ಒತ್ತಿದಳು. ಒಂದು ಸಲ ರಿಂಗಾಯಿತು. ಎರಡು ಸಲ. ಕೆಳಗೆ ಕೊಟ್ರೇಶ್ ಲಾರಿಯ ಸುತ್ತ ಬಳಸಿ ಓಡುತ್ತಿದ್ದುದು ಕಾಣುತ್ತಿತ್ತು, ಇನ್ನೂ ಅರ್ಧ ದಾರಿಯಲ್ಲಿದ್ದ. ಮೂರನೆಯ ಸಲಕ್ಕೆ ಯಾರೋ ಎತ್ತಿಕೊಂಡರು.

"ಬೈರಪ್ಪ! ಮುಚ್ಚಳ ತೆಗೀಬೇಡಿ! ಕೇಳ್ತಾ ಇದೆಯಾ? ತೆಗೀಬೇಡಿ!"

"ಬೈರಪ್ಪ ಮೇಲೆ ಹತ್ತಿದ್ದಾನೆ ಮೇಡಂ," ಎಂದಿತು ಮೆತ್ತಗಿನ ದನಿ. "ಹಂಡೆ ಒಳಗೆ ಕಲಸೋ ಸದ್ದಲ್ಲಿ ಅವನಿಗೆ ಏನೂ ಕೇಳಿಸಲ್ಲ. ಏನು ಹೇಳ್ಬೇಕು ಹೇಳಿ, ನಾನು ಹೇಳ್ತೀನಿ."

ಆ ದನಿಯ ಹಿಂದೆ, ಬಿಚ್ಚಿದ ಬೋಲ್ಟೊಂದು ತಗಡಿನ ತಟ್ಟೆಗೆ ಠಣ್ ಎಂದು ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮುಚ್ಚಳಕ್ಕೆ ಇರುವುದು ಆರು. ಫೋನು ಎತ್ತುವ ಮೊದಲು ಎಷ್ಟು ಬಿದ್ದಿದ್ದವೋ ಅವಳಿಗೆ ತಿಳಿದಿರಲಿಲ್ಲ.